ರ‍್ಯಾಂಕಿನ ಲೆಕ್ಕ, ಕಡತದ ಲೆಕ್ಕ

(ಅಮೆರಿಕದ ಒಂದು ಕನ್ನಡ ಶಾಲೆಯ ಪೋಷಕರ ಸಭೆಯಲ್ಲಿ ಅಲ್ಲಿನ ಕಾಲೇಜು ಪ್ರವೇಶದ ಬಗ್ಗೆ ಆಡಿದ ಮಾತುಗಳ ಬರಹ ರೂಪ)

ಹೋದ ತಿಂಗಳು ಒಬ್ಬ ತಂದೆ ಫೋನ್ ಮಾಡಿದ್ದರು. ಮಗಳು ಹತ್ತನೆಯ ತರಗತಿ. ಅವರ ಮೊದಲ ಪ್ರಶ್ನೆ: "ಮೇಡಂ, ಈ ಕಾಲೇಜಿಗೆ ಕಟ್ ಆಫ್ ಎಷ್ಟು?" ನನಗೆ ನಗು ಬಂತು, ಹಿಂದೆಯೇ ನಾಚಿಕೆಯೂ ಆಯಿತು. ಈ ದೇಶಕ್ಕೆ ಬಂದ ಹೊಸದರಲ್ಲಿ ನನ್ನ ಮಗನ ಶಾಲೆಯ ಕೌನ್ಸೆಲರ್ ಎದುರು ಕುಳಿತು ನಾನೂ ಇದನ್ನೇ ಕೇಳಿದ್ದೆ. ಕಟ್ ಆಫ್ ಎಂದರೆ ಅರ್ಜಿ ಹಾಕುವ ಕೊನೆಯ ದಿನ ಎಂದುಕೊಂಡ ಆಕೆ, ಪಾಪ, "ಜನವರಿ 1" ಎಂದರು. ಇಬ್ಬರೂ ತಲೆಯಾಡಿಸಿದೆವು. ಇಬ್ಬರಿಗೂ ಏನೂ ತಿಳಿಯಲಿಲ್ಲ.

ಇಲ್ಲಿ ಕುಳಿತವರಲ್ಲಿ ಹೆಚ್ಚಿನವರು ಪಿಯುಸಿ ಮುಗಿಸಿ ಸಿಇಟಿ ಬರೆದವರು. ನಮಗೆ ಗೊತ್ತಿರುವ ಪ್ರವೇಶ ಅದೇ. ಎರಡು ವರ್ಷ ಓದು, ನಂತರ ಪರೀಕ್ಷೆ, ನಂತರ ಒಂದು ರ‍್ಯಾಂಕು. ಕೌನ್ಸೆಲಿಂಗ್ ದಿನ ಪರದೆಯ ಮೇಲೆ ಸೀಟುಗಳು ಒಂದೊಂದಾಗಿ ಕರಗುವುದನ್ನು ನೋಡುತ್ತ ಅಪ್ಪನ ಪಕ್ಕ ಕೂರುವುದು. ಕ್ರೂರವಾದ ವ್ಯವಸ್ಥೆ, ಆದರೆ ಸ್ಪಷ್ಟವಾದದ್ದು. ನಿಮಗಿಂತ ಮುಂದಿನ ರ‍್ಯಾಂಕಿನವನು ಎದ್ದು ಹೋದರೆ ನಿಮ್ಮ ಸರದಿ. ಎಂಟನೆಯ ತರಗತಿಯಲ್ಲಿ ಗಣಿತಕ್ಕೆ ಎಷ್ಟು ಬಂದಿತ್ತು, ಮನೆಯಲ್ಲಿ ಯಾರಿದ್ದರು, ಸಂಜೆ ಹೊತ್ತು ಏನು ಮಾಡುತ್ತಿದ್ದೆ ಎಂದು ಯಾರೂ ಕೇಳಲಿಲ್ಲ.

ಇಲ್ಲಿ ಕೇಳುತ್ತಾರೆ. ಇಲ್ಲಿರುವುದು ಒಂದು ಕಡತ. ಒಂಬತ್ತನೆಯ ತರಗತಿಯಿಂದ ಹನ್ನೆರಡರವರೆಗೆ ಅದಕ್ಕೆ ಹಾಳೆಗಳು ಸೇರುತ್ತ ಹೋಗುತ್ತವೆ, ಕೊನೆಗೆ ಅದನ್ನು ಒಬ್ಬ ಮನುಷ್ಯ ಕುಳಿತು ಓದುತ್ತಾನೆ. ಹತ್ತೊಂಬತ್ತು ವರ್ಷ ಇಲ್ಲಿನ ಸರ್ಕಾರಿ ಹೈಸ್ಕೂಲೊಂದರಲ್ಲಿ ರಸಾಯನಶಾಸ್ತ್ರ ಕಲಿಸಿದ್ದೇನೆ. ಆ ಕಡತಗಳಿಗೆ ನನ್ನ ಹಾಳೆಗಳನ್ನೂ ಸೇರಿಸಿದ್ದೇನೆ. ನಮ್ಮ ಮನೆಗಳಲ್ಲಿ ನಾನು ಕಂಡ ತಪ್ಪುಗಳ ಬೇರು ಹುಡುಕಿದರೆ ಹೆಚ್ಚಿನವು ಒಂದೇ ಕಡೆ ಸಿಗುತ್ತವೆ: ಕಡತ ಕೇಳುವ ಕಡೆ ನಾವು ರ‍್ಯಾಂಕು ತೆಗೆದುಕೊಂಡು ಹೋಗುತ್ತೇವೆ.

ಆ ಕಡತದಲ್ಲಿ ಎಲ್ಲಕ್ಕಿಂತ ತೂಕವಾದ ಹಾಳೆ ಟ್ರಾನ್ಸ್‌ಕ್ರಿಪ್ಟ್, ಅಂದರೆ ನಾಲ್ಕು ವರ್ಷ ಯಾವ ಯಾವ ವಿಷಯ ತೆಗೆದುಕೊಂಡರು, ಏನು ದರ್ಜೆ ಬಂತು ಎಂಬ ಪಟ್ಟಿ. ದರ್ಜೆಯನ್ನು ಎಲ್ಲರೂ ನೋಡುತ್ತೇವೆ. ಓದುವವನು ಅದರ ಜೊತೆಗೆ ವಿಷಯಗಳ ಆಯ್ಕೆಯನ್ನೂ ನೋಡುತ್ತಾನೆ: ಆ ಶಾಲೆಯಲ್ಲಿ ಕಷ್ಟದ್ದು ಏನೇನು ಇತ್ತು, ಅದರಲ್ಲಿ ಈ ಮಗು ಎಷ್ಟಕ್ಕೆ ಕೈ ಹಾಕಿತು. ಇದಕ್ಕಾಗಿಯೇ ಪ್ರತಿ ಶಾಲೆ ತನ್ನ ಬಗ್ಗೆ ಒಂದೆರಡು ಪುಟದ ವಿವರ ಕಳುಹಿಸುತ್ತದೆ. ನಮ್ಮಲ್ಲಿ ಇಷ್ಟು ಎಪಿ (ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ) ವಿಷಯಗಳಿವೆ, ದರ್ಜೆ ಕೊಡುವ ಕ್ರಮ ಹೀಗಿದೆ, ಇತ್ಯಾದಿ. ಐದೇ ಎಪಿ ಇರುವ ಶಾಲೆಯಲ್ಲಿ ನಾಲ್ಕು ತೆಗೆದುಕೊಂಡ ಹುಡುಗಿ, ಇಪ್ಪತ್ತೈದು ಇರುವ ಕಡೆ ಎಂಟು ತೆಗೆದುಕೊಂಡವನಿಗಿಂತ ಹಿಂದೆ ಬೀಳುವುದಿಲ್ಲ. "ಒಳ್ಳೆಯ ಶಾಲಾ ಜಿಲ್ಲೆ" ಎಂದು ಮೈತುಂಬ ಸಾಲ ಮಾಡಿ ಮನೆ ಬದಲಿಸುವ ಮುನ್ನ ಇದನ್ನು ಯೋಚಿಸಿ. ಅಲ್ಲಿಗೆ ಹೋದ ಮೇಲೆ ನಿಮ್ಮ ಮಗುವನ್ನು ಅಲ್ಲಿನ ಮಕ್ಕಳ ಪಕ್ಕದಲ್ಲೇ ಇಟ್ಟು ಓದುತ್ತಾರೆ.

"ಎಪಿಯಲ್ಲಿ ಬಿ ಒಳ್ಳೆಯದೋ, ಸಾಮಾನ್ಯ ತರಗತಿಯಲ್ಲಿ ಎ ಒಳ್ಳೆಯದೋ?" ಇದು ಎಲ್ಲ ಸಭೆಯಲ್ಲೂ ಬರುವ ಪ್ರಶ್ನೆ. ಕಾಲೇಜಿನವರನ್ನು ಕೇಳಿದರೆ "ಎಪಿಯಲ್ಲಿ ಎ" ಎಂದು ನಗುತ್ತಾರೆ. ನನ್ನ ಉತ್ತರ ಬೇರೆ. ನಿಮ್ಮ ಮಗು ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತದೆ? ಮೂರು ಎಪಿ ತೆಗೆದುಕೊಂಡು ಹನ್ನೊಂದಕ್ಕೆ ಮಲಗುವ ಮಗು ನಾಲ್ಕನೆಯದನ್ನು ಯೋಚಿಸಬಹುದು. ಎರಡು ಗಂಟೆಗೆ ಮಲಗುತ್ತಿದ್ದರೆ ಒಂದನ್ನು ಬಿಡಿಸಿ. ನನ್ನ ಮೊದಲ ಅವಧಿಯ ತರಗತಿ ಬೆಳಿಗ್ಗೆ ಏಳೂವರೆಗೆ ಇತ್ತು. ಅಲ್ಲಿ ಕಣ್ಣು ತೆರೆದು ನಿದ್ದೆ ಮಾಡುವ ಮಕ್ಕಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಗಣಿತದ ಬಗ್ಗೆ ಒಂದು ಮಾತು. ಇದು ಹೈಸ್ಕೂಲಿಗೂ ಮೊದಲೇ ನಡೆದುಹೋಗುವ ಸಂಗತಿ. ಎಂಟರಲ್ಲಿ ಆಲ್ಜೀಬ್ರಾ 1 ಮುಗಿದರೆ ಒಂಬತ್ತರಲ್ಲಿ ರೇಖಾಗಣಿತ, ಹತ್ತರಲ್ಲಿ ಆಲ್ಜೀಬ್ರಾ 2, ಹನ್ನೊಂದರಲ್ಲಿ ಪ್ರೀಕ್ಯಾಲ್ಕ್ಯುಲಸ್, ಹನ್ನೆರಡರಲ್ಲಿ ಕ್ಯಾಲ್ಕ್ಯುಲಸ್. ಎಂಜಿನಿಯರಿಂಗ್ ಬಯಸುವವರು ಸಾಮಾನ್ಯವಾಗಿ ಹಿಡಿಯುವ ದಾರಿ ಇದು, ಮತ್ತು ಅನೇಕ ಕಡೆ ಇದು ಆರು–ಏಳನೆಯ ತರಗತಿಯಲ್ಲೇ ನಿರ್ಧಾರವಾಗುತ್ತದೆ. ಹಾಗೆಂದು ಐದನೆಯ ತರಗತಿಯಿಂದಲೇ ಮಗುವನ್ನು ಟ್ಯೂಷನ್ನಿಗೆ ತಳ್ಳಿ ಎರಡು ವರ್ಷ ಮುಂದೆ ಓಡಿಸುವವರಿದ್ದಾರೆ. ಹತ್ತನೆಯ ತರಗತಿಗೇ ಕ್ಯಾಲ್ಕ್ಯುಲಸ್ ಮುಗಿಸಿ ಬಂದ ಹುಡುಗರು ನನ್ನ ತರಗತಿಯಲ್ಲಿ ಮೋಲ್ ಲೆಕ್ಕ ಮಾಡುವಾಗ ಸಾಮಾನ್ಯ ಅನುಪಾತವನ್ನು ತಿರುಗಿಸಲು ತಡವರಿಸುತ್ತಿದ್ದರು. ಮೆಟ್ಟಿಲು ಹಾರಿ ಬಂದವರಿಗೆ ಕಾಲು ಎಲ್ಲಿಡಬೇಕು ಎಂಬುದು ಗೊತ್ತಿರುವುದಿಲ್ಲ.

ಎಲ್ಲ ರಾಜ್ಯಕ್ಕೂ ಒಂದೇ ನಿಯಮ ಎಂದು ತಿಳಿಯಬೇಡಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ನಾವೆಲ್ಲ ಯುಸಿ ಎನ್ನುವುದು, ಹದಿನೈದು ನಿರ್ದಿಷ್ಟ ವಿಷಯಗಳನ್ನು ಕೇಳುತ್ತದೆ. ಅವರ ಸರಾಸರಿ ಲೆಕ್ಕಕ್ಕೆ ಬರುವುದು ಹತ್ತು ಮತ್ತು ಹನ್ನೊಂದನೆಯ ತರಗತಿಯ ದರ್ಜೆಗಳು. ಒಂಬತ್ತರಲ್ಲಿ ಎಡವಿದ ಮಗುವಿಗೆ ಅಲ್ಲಿ ಉಸಿರಾಡಲು ಜಾಗವಿದೆ, ಆ ವಿಷಯಗಳನ್ನು ಪಾಸು ಮಾಡಿರಬೇಕು ಅಷ್ಟೆ. ಬೇರೆ ಬಹಳಷ್ಟು ಕಾಲೇಜುಗಳು ಒಂಬತ್ತನ್ನೂ ಎಣಿಸುತ್ತವೆ. ಇನ್ನು ಟೆಕ್ಸಾಸ್‌ನಲ್ಲಿರುವ ನಮ್ಮ ಬಂಧುಗಳಿಗೆ ನಾನು ಇಷ್ಟು ಹೊತ್ತು ಹೇಳಿದ್ದು ತಿರುಗುಮುರುಗು. ಅಲ್ಲಿ 1997ರಲ್ಲಿ ಬಂದ ಕಾನೂನಿನ ಪ್ರಕಾರ ತರಗತಿಯ ಮೊದಲ ಶೇಕಡಾ 10ರೊಳಗಿನ ಮಕ್ಕಳಿಗೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ತಾನಾಗಿ ಪ್ರವೇಶ. ಆಸ್ಟಿನ್ ನಗರದ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಮಾತ್ರ ಆ ಗೆರೆ ಇನ್ನೂ ಬಿಗಿಯಾಗಿ 2026ರ ಪ್ರವೇಶಕ್ಕೆ ಶೇಕಡಾ 5ಕ್ಕೆ ಬಂದಿದೆ. ಅಂದರೆ ಅಲ್ಲಿ ರ‍್ಯಾಂಕು ಬದುಕಿದೆ. ಸಿಇಟಿ ನೆನಪಾಗಿ ಹಂಬಲಿಸುವವರು ಅಲ್ಲಿಗೆ ಹೋಗಬಹುದು.

ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆಯ ಬಗ್ಗೆ ಬೇಗ ಮುಗಿಸುತ್ತೇನೆ, ಏಕೆಂದರೆ ನೀವು ಅದರ ಬಗ್ಗೆ ಈಗಾಗಲೇ ಬೇಕಾದ್ದಕ್ಕಿಂತ ಹೆಚ್ಚು ಯೋಚಿಸುತ್ತಿದ್ದೀರಿ. 1600 ಅಂಕಗಳ ಪರೀಕ್ಷೆ. 2024ರ ಮಾರ್ಚ್‌ನಿಂದ ಇಲ್ಲಿ ಅದು ಪೂರ್ತಿ ಕಂಪ್ಯೂಟರಿನ ಮೇಲೆ, ಎರಡು ಗಂಟೆ ಹದಿನಾಲ್ಕು ನಿಮಿಷ. ಕೋವಿಡ್ ಕಾಲದಲ್ಲಿ ಬಹಳ ಕಾಲೇಜುಗಳು ಇದನ್ನು ಐಚ್ಛಿಕ ಮಾಡಿದವು. ಆ ಮೇಲೆ ಎಂಐಟಿ 2022ರಲ್ಲಿ, ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್ 2024ರಲ್ಲಿ ಮತ್ತೆ ಕಡ್ಡಾಯ ಎಂದವು. ಯುಸಿ ಮಾತ್ರ ಅಂಕ ಕೊಟ್ಟರೂ ಪ್ರವೇಶಕ್ಕೆ ನೋಡುವುದಿಲ್ಲ. ಆದ್ದರಿಂದ ಮೊದಲು ಕಾಲೇಜುಗಳ ಪಟ್ಟಿ, ನಂತರ ಪರೀಕ್ಷೆ. ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ತನ್ನ ಬ್ಲೂಬುಕ್ ಆ್ಯಪ್‌ನಲ್ಲಿ ಪೂರ್ಣ ಪ್ರಮಾಣದ ಮಾದರಿ ಪರೀಕ್ಷೆಗಳನ್ನು ಉಚಿತವಾಗಿ ಇಟ್ಟಿದೆ, ಖಾನ್ ಅಕಾಡೆಮಿಯ ಪಾಠಗಳೂ ಉಚಿತ. ಹತ್ತರ ನಂತರದ ಬೇಸಿಗೆಯಲ್ಲಿ ತಯಾರಿ, ಹನ್ನೊಂದರಲ್ಲಿ ಒಮ್ಮೆ, ಬೇಕಾದರೆ ಎರಡನೆಯ ಸಲ. ಐದನೆಯ ಸಲ ಬರೆಸುವ ಶನಿವಾರಕ್ಕೆ ಮಗುವಿನ ಬಳಿ ಬೇರೆ ಕೆಲಸವಿದೆ.

ಈಗ ಪಠ್ಯೇತರ ಚಟುವಟಿಕೆಗಳು. ಇಲ್ಲಿ ಸ್ವಲ್ಪ ನಿಲ್ಲಬೇಕು.

ಸಾವಿರಕ್ಕೂ ಹೆಚ್ಚು ಕಾಲೇಜುಗಳು ಕಾಮನ್ ಆ್ಯಪ್ ಎಂಬ ಒಂದೇ ಅರ್ಜಿಯನ್ನು ಸ್ವೀಕರಿಸುತ್ತವೆ. ಅದರಲ್ಲಿ ಚಟುವಟಿಕೆಗಳಿಗೆ ಹತ್ತು ಮನೆಗಳಿವೆ. ಒಂದೊಂದನ್ನು ವಿವರಿಸಲು 150 ಅಕ್ಷರ. ಪದಗಳಲ್ಲ, ಅಕ್ಷರಗಳು. ಹತ್ತು ಮನೆ ಕಂಡ ತಕ್ಷಣ ನಮ್ಮವರಿಗೆ ಹತ್ತನ್ನೂ ತುಂಬಬೇಕು ಎಂಬ ಹಟ ಬರುತ್ತದೆ, ಮದುವೆ ಊಟದಲ್ಲಿ ಎಲೆಯ ತುದಿ ಖಾಲಿ ಇರಬಾರದು ಎನ್ನುವ ಹಾಗೆ. ನಮ್ಮ ಮಕ್ಕಳ ಪಟ್ಟಿಗಳನ್ನು ಹೆಸರು ಮುಚ್ಚಿ ಓದಿದರೂ ಯಾವ ಸಮುದಾಯದ್ದು ಎಂದು ಹೇಳಬಹುದು: ಗಣಿತ ಸ್ಪರ್ಧೆ, ರೊಬಾಟಿಕ್ಸ್, ಚರ್ಚಾಕೂಟ, ಭರತನಾಟ್ಯ ಅಥವಾ ಕರ್ನಾಟಕ ಸಂಗೀತ, ಆಸ್ಪತ್ರೆಯಲ್ಲಿ ಸ್ವಯಂಸೇವೆ, ಕೊನೆಗೆ ಹನ್ನೊಂದನೆಯ ತರಗತಿಯಲ್ಲಿ ಅಪ್ಪ ನೋಂದಾಯಿಸಿಕೊಟ್ಟ ಒಂದು "ಲಾಭರಹಿತ ಸಂಸ್ಥೆ". ಆ ಸಂಸ್ಥೆಯ ವೆಬ್‌ಸೈಟ್ ಬಹಳ ಚೆನ್ನಾಗಿರುತ್ತದೆ. ಹನ್ನೆರಡನೆಯ ತರಗತಿಯ ಜನವರಿಯಲ್ಲಿ ಅದು ತೀರಿಕೊಳ್ಳುತ್ತದೆ.

ನಾನು ನಾಟ್ಯವನ್ನು ಹಂಗಿಸುತ್ತಿಲ್ಲ, ಸಿಟ್ಟಾಗಬೇಡಿ. ನನ್ನ ಒಬ್ಬ ವಿದ್ಯಾರ್ಥಿನಿ ರಂಗಪ್ರವೇಶ ಮಾಡಿದ್ದಳು. ಅರ್ಜಿಯ ಮೊದಲ ಕರಡಿನಲ್ಲಿ "ಹನ್ನೊಂದು ವರ್ಷದ ತರಬೇತಿ, ಎರಡೂವರೆ ಗಂಟೆಯ ಏಕವ್ಯಕ್ತಿ ಕಾರ್ಯಕ್ರಮ, ನಾನೂರು ಪ್ರೇಕ್ಷಕರು" ಎಂದು ಬರೆದಿದ್ದಳು. ನಾನು ಕೇಳಿದೆ, ರಂಗಪ್ರವೇಶ ಆದ ಮೇಲೆ ಏನಾಯಿತು? ಆಕೆ ಸಂಕೋಚದಿಂದ ಹೇಳಿದಳು: ಗುರುಗಳಿಗೆ ಮಂಡಿನೋವು, ಹಾಗಾಗಿ ಎರಡು ವರ್ಷದಿಂದ ಪ್ರತಿ ಭಾನುವಾರ ಆರು ವರ್ಷದ ಮಕ್ಕಳಿಗೆ ಮೊದಲ ಅಡವುಗಳನ್ನು ಇವಳೇ ಕಲಿಸುತ್ತಿದ್ದಾಳೆ; ಎಡ–ಬಲ ಗೊತ್ತಿಲ್ಲದ ಮಕ್ಕಳ ಕಾಲಿಗೆ ಎರಡು ಬಣ್ಣದ ದಾರ ಕಟ್ಟುತ್ತಾಳೆ. ಇದನ್ನು ಏಕೆ ಬರೆಯಲಿಲ್ಲ ಎಂದರೆ, "ಅದು ಸಾಧನೆ ಅಲ್ಲವಲ್ಲ ಆಂಟಿ" ಎಂದಳು. ಅಲ್ಲಿಯವರೆಗೂ ನನ್ನನ್ನು ಮಿಸೆಸ್ ಎಂದು ಕರೆಯುತ್ತಿದ್ದವಳು ಆ ಕ್ಷಣ ಆಂಟಿ ಎಂದದ್ದು ನೆನಪಿದೆ. ಸಭಾಂಗಣಕ್ಕೆ ದುಡ್ಡು ಕೊಟ್ಟವರು ಅಪ್ಪ. ದಾರ ಅವಳದ್ದು. ಕಡತ ಓದುವವನಿಗೆ ಕಾಣಬೇಕಾದ್ದು ಆ ದಾರ.

ಸಂಜೆ ಅಂಗಡಿಯಲ್ಲಿ ಕ್ಯಾಷ್ ಕೌಂಟರಿನಲ್ಲಿ ನಿಲ್ಲುವುದು, ತಮ್ಮನನ್ನು ಶಾಲೆಯಿಂದ ಕರೆತಂದು ಊಟ ಹಾಕುವುದು, ಅಜ್ಜನ ಜೊತೆ ಡಯಾಲಿಸಿಸ್‌ಗೆ ಹೋಗಿ ಡಾಕ್ಟರು ಹೇಳಿದ್ದನ್ನು ಕನ್ನಡದಲ್ಲಿ ಹೇಳುವುದು, ಇವೂ ಆ ಹತ್ತು ಮನೆಗಳಿಗೆ ಸೇರುತ್ತವೆ. ಕುಟುಂಬದ ಜವಾಬ್ದಾರಿ ಎಂಬ ವರ್ಗವೇ ಅಲ್ಲಿದೆ. ನಮ್ಮವರು ಅದನ್ನು ಬರೆಯುವುದಿಲ್ಲ, ಮನೆ ವಿಷಯ ಹೊರಗೆ ಏಕೆ ಎನ್ನುತ್ತಾರೆ.

ಬೇಸಿಗೆ ಶಿಬಿರಗಳ ಬಗ್ಗೆ. ದೊಡ್ಡ ವಿಶ್ವವಿದ್ಯಾಲಯಗಳ ಆವರಣದಲ್ಲಿ ಎರಡು ಮೂರು ವಾರ, ಸಾವಿರಾರು ಡಾಲರ್ ಶುಲ್ಕ, ಕೊನೆಗೆ ಲಾಂಛನವಿರುವ ಪ್ರಮಾಣಪತ್ರ. ದುಡ್ಡು ಕೊಟ್ಟವರನ್ನು ಹೆಚ್ಚುಕಡಿಮೆ ಎಲ್ಲರನ್ನೂ ಸೇರಿಸಿಕೊಳ್ಳುವ ಶಿಬಿರವಾದರೆ ಅದು ಮಗುವಿಗೆ ಒಳ್ಳೆಯ ರಜೆ. ಪ್ರವೇಶದ ಬಾಗಿಲು ಎಂದುಕೊಳ್ಳಬೇಡಿ. ಎಂಐಟಿಯಲ್ಲಿ ನಡೆಯುವ ರಿಸರ್ಚ್ ಸೈನ್ಸ್ ಇನ್‌ಸ್ಟಿಟ್ಯೂಟ್‌ನಂಥದ್ದು ಬೇರೆ. ಅಲ್ಲಿ ಬೋಧನೆಗೆ ಶುಲ್ಕವಿಲ್ಲ, ಒಳಗೆ ಹೋಗುವುದು ಬಹಳ ಕಷ್ಟ. ಶುಲ್ಕ ಹೆಚ್ಚಿದ್ದು ಪ್ರವೇಶ ಸುಲಭವಿದ್ದರೆ ಅಲ್ಲಿಗೆ ಏಕೆ ಕರೆಯುತ್ತಿದ್ದಾರೆ ಎಂದು ನೀವೇ ಊಹಿಸಿ. ದುಡ್ಡು ಪಡೆದು ಹೈಸ್ಕೂಲು ಮಕ್ಕಳ ಹೆಸರಿನಲ್ಲಿ ಸಂಶೋಧನಾ ಪ್ರಬಂಧ ಅಚ್ಚು ಹಾಕಿಸುವ ವ್ಯಾಪಾರಕ್ಕೂ ಇದೇ ಮಾತು.

ಈಗ ನನ್ನ ಸ್ವಂತ ಹೊಲಕ್ಕೆ ಬರುತ್ತೇನೆ: ಶಿಫಾರಸು ಪತ್ರ.

ಪ್ರತಿ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಇಪ್ಪತ್ತು, ಇಪ್ಪತ್ತೈದು ಪತ್ರ ಬರೆಯುತ್ತಿದ್ದೆ, ಭಾನುವಾರಗಳಲ್ಲಿ, ಸಂಬಳವಿಲ್ಲದ ಕೆಲಸ. ಒಂದು ವರ್ಷ ಇಬ್ಬರು ವಿದ್ಯಾರ್ಥಿಗಳು ಬಂದರು. ಹುಡುಗಿಗೆ ವರ್ಷವಿಡೀ 98ಕ್ಕೆ ಕಡಿಮೆ ಬಂದಿರಲಿಲ್ಲ. ಹುಡುಗನದು ಎ–ಮೈನಸ್, ಒಂದು ಸಲ ಬಿ. ಹುಡುಗನ ಪತ್ರ ನಲವತ್ತು ನಿಮಿಷದಲ್ಲಿ ಮುಗಿಯಿತು. ದ್ರಾವಣವನ್ನು ಹನಿಹನಿಯಾಗಿ ಸೇರಿಸಿ ಅಳೆಯುವ ಟೈಟ್ರೇಷನ್ ಪ್ರಯೋಗದಲ್ಲಿ ಅವನ ಮೊದಲ ಅಳತೆ ಪ್ರತಿ ಸಲ ಉಳಿದವರಿಗಿಂತ ಹೆಚ್ಚು ಬರುತ್ತಿತ್ತು. ಪಕ್ಕದವನ ಸಂಖ್ಯೆ ಬರೆದುಕೊಂಡು ಹೋಗಬಹುದಿತ್ತು, ಎಷ್ಟೋ ಮಕ್ಕಳು ಅದನ್ನೇ ಮಾಡುತ್ತಾರೆ. ಇವನು ಶಾಲೆ ಬಿಟ್ಟ ಮೇಲೆ ಮೂರು ದಿನ ಬಂದು, ಬ್ಯುರೆಟ್ಟಿನ, ಅಂದರೆ ಅಳತೆಯ ಗಾಜಿನ ಕೊಳವೆಯ, ತುದಿಯಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆ ಮೊದಲ ಹನಿಗಳೊಂದಿಗೆ ಹೊರಬಂದು ಅಳತೆ ಕೆಡಿಸುತ್ತಿದೆ ಎಂದು ಪತ್ತೆ ಮಾಡಿದ. ಆಮೇಲೆ ಇಡೀ ತರಗತಿಯ ಬ್ಯುರೆಟ್ಟುಗಳನ್ನು ಪೊಲೀಸಿನವನಂತೆ ತಪಾಸಣೆ ಮಾಡುತ್ತಿದ್ದ. ಇದನ್ನೇ ಬರೆದೆ.

ಹುಡುಗಿಯ ಪತ್ರಕ್ಕೆ ಕುಳಿತೆ. ಶ್ರದ್ಧಾವಂತೆ, ಅಚ್ಚುಕಟ್ಟು, ಎಲ್ಲ ಮನೆಗೆಲಸ ಸಮಯಕ್ಕೆ ಸರಿಯಾಗಿ. ನಾಲ್ಕು ಸಾಲು ಆಯಿತು. ಅಲ್ಲಿಗೆ ನಿಂತೆ. ಹತ್ತು ತಿಂಗಳಲ್ಲಿ ಆ ಮಗು ನನಗೆ ಒಂದು ಪ್ರಶ್ನೆ ಕೇಳಿರಲಿಲ್ಲ. ನಮ್ಮ ಮನೆಯ ಹುಡುಗಿ, ಕನ್ನಡದವಳೇ. ಅವಳನ್ನು ಹಾಗೆ ಬೆಳೆಸಿದ್ದು ನಾವು: ಮೇಷ್ಟರ ಮುಂದೆ ಸುಮ್ಮನಿರು, ಹೇಳಿದ್ದನ್ನು ಮಾಡು, ಎದುರು ಮಾತಾಡಬೇಡ. ಊರಿನಲ್ಲಿ ಅದು ಒಳ್ಳೆಯ ನಡತೆ. ಇಲ್ಲಿ ಶಿಕ್ಷಕಿಗೆ ಬರೆಯಲು ಏನೂ ಉಳಿಯುವುದಿಲ್ಲ. ಆ ಪತ್ರವನ್ನು ನಾನು ಹೇಗೋ ಮುಗಿಸಿದೆ. ಅದು ಸಾಧಾರಣ ಪತ್ರ ಎಂಬುದು ನನಗೂ ಗೊತ್ತಿತ್ತು, ಓದಿದವರಿಗೂ ಗೊತ್ತಾಗಿರುತ್ತದೆ.

ಆದ್ದರಿಂದ ಹತ್ತನೆಯ ತರಗತಿಯ ಮಕ್ಕಳ ತಂದೆ ತಾಯಂದಿರೇ, ಮಗುವಿಗೆ ಹೇಳಿ: ಪಾಠ ಅರ್ಥವಾಗದಿದ್ದರೆ ತರಗತಿ ಮುಗಿದ ಮೇಲೆ ಶಿಕ್ಷಕರ ಬಳಿ ಹೋಗು, ಅರ್ಥವಾದರೂ ಕುತೂಹಲವಿದ್ದರೆ ಹೋಗು. ಪತ್ರ ಕೇಳುವುದು ಹನ್ನೊಂದನೆಯ ತರಗತಿಯ ಕೊನೆಯಲ್ಲಿ, ಮೇ ತಿಂಗಳ ಹೊತ್ತಿಗೆ. ಹನ್ನೊಂದರಲ್ಲಿ ಕಲಿಸಿದ, ಮುಖ್ಯ ವಿಷಯಗಳ ಇಬ್ಬರು ಶಿಕ್ಷಕರು ಸಾಕು. ಅಕ್ಟೋಬರ್ 28ಕ್ಕೆ ಬಂದು ನವೆಂಬರ್ 1ಕ್ಕೆ ಪತ್ರ ಬೇಕು ಎಂದವರಿಗೂ ಬರೆದಿದ್ದೇನೆ. ಆ ಪತ್ರಗಳಲ್ಲಿ ನನ್ನ ನಿದ್ದೆಗಣ್ಣು ಕಾಣುತ್ತದೆ. ಇನ್ನೊಂದು: ಪತ್ರವನ್ನು ಮುಂದೆ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ ಎಂದು ಅರ್ಜಿಯಲ್ಲಿ ಕೇಳುತ್ತಾರೆ. 1974ರ ಕಾನೂನಿನಿಂದ ಬಂದ ಹಕ್ಕು ಅದು. ಬಿಟ್ಟುಕೊಡಿ. ವಿದ್ಯಾರ್ಥಿ ನೋಡಬಹುದಾದ ಪತ್ರವನ್ನು ಓದುವವರು ಅಷ್ಟಾಗಿ ನಂಬುವುದಿಲ್ಲ. ಯುಸಿಯ ಅರ್ಜಿಗೆ ಮಾತ್ರ ಸಾಮಾನ್ಯವಾಗಿ ಪತ್ರವೇ ಬೇಡ.

ಪ್ರಬಂಧಕ್ಕೆ ಬಂದರೆ, ಕಾಮನ್ ಆ್ಯಪ್‌ನಲ್ಲಿ 650 ಪದಗಳ ಮಿತಿ. ಯುಸಿಯಲ್ಲಿ ಎಂಟು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ತಲಾ 350 ಪದ. ನೀವು ಬರೆಯಬೇಡಿ. ನಲವತ್ತೆಂಟು ವರ್ಷದ ಸಾಫ್ಟ್‌ವೇರ್ ಮ್ಯಾನೇಜರ್ ಬರೆದ ಪ್ರಬಂಧ ಎರಡನೆಯ ಸಾಲಿನಲ್ಲೇ ಗೊತ್ತಾಗುತ್ತದೆ, ಅದರಲ್ಲಿ "ಗುರಿ", "ಫಲಿತಾಂಶ", "ತಂಡದ ಸಹಕಾರ" ಇರುತ್ತವೆ. ಈಗ ಯಂತ್ರದ ಕೈಯಲ್ಲಿ ಬರೆಸುವುದೂ ಶುರುವಾಗಿದೆ. ಅದರಲ್ಲಿ ತಪ್ಪೇ ಇರುವುದಿಲ್ಲ, ಬರೆದವರು ಯಾರು ಎಂಬುದೂ ಇರುವುದಿಲ್ಲ. ಇನ್ನು ಕೆಲವು ವಸ್ತುಗಳಿವೆ: ಭಾರತಕ್ಕೆ ಹೋದಾಗ ಬಡತನ ಕಂಡು ಮನಸ್ಸು ಕರಗಿದ್ದು, ಪಂದ್ಯ ಸೋತು ಪಾಠ ಕಲಿತದ್ದು. ಇವುಗಳನ್ನು ಬರೆಯಲೇಬಾರದು ಎಂದಲ್ಲ. ಮಗುವಿಗೆ ನಿಜವಾಗಿ ಹೇಳಲು ಏನಾದರೂ ಇದ್ದರೆ ಮಾತ್ರ.

ನಾನು ಮರೆಯದ ಒಂದು ಪ್ರಬಂಧ ಇದೆ. ಆ ಹುಡುಗ ಪ್ರತಿ ಶನಿವಾರ ಅಜ್ಜಿಯ ಜೊತೆ ಫೋನಿನಲ್ಲಿ ಮಾತಾಡಬೇಕು. ಅವನಿಗೆ ಸರಾಗವಾಗಿ ಬರುವ ಕನ್ನಡ ವಾಕ್ಯಗಳು ನಾಲ್ಕು. "ಅಜ್ಜಿ, ಊಟ ಆಯಿತಾ?" ಎಂದು ಶುರು ಮಾಡುತ್ತಾನೆ. ಅಜ್ಜಿ ಏನು ಅಡುಗೆ ಎಂದು ಹೇಳುತ್ತಾಳೆ. ಹಾಗೆ ಆರು ವರ್ಷ. ಒಂದು ದಿನ ಅವನಿಗೆ ಹೊಳೆಯುತ್ತದೆ: ಅಜ್ಜಿಗೂ ತನ್ನ ಬಳಿ ಮಾತಾಡಲು ಬರುವುದು ಅಷ್ಟೇ ವಾಕ್ಯ, ಮೊಮ್ಮಗನಿಗೆ ಅರ್ಥವಾಗುವಂಥವನ್ನು ಹುಡುಕಿ ಹುಡುಕಿ ಆಕೆ ತನ್ನ ಕನ್ನಡವನ್ನೇ ಚಿಕ್ಕದು ಮಾಡಿಕೊಂಡಿದ್ದಾಳೆ. ಆ ಪ್ರಬಂಧದಲ್ಲಿ ಪ್ರಶಸ್ತಿ ಇರಲಿಲ್ಲ, ಗುರಿ ಇರಲಿಲ್ಲ. ಅವನ ತಾಯಿ ಓದಿ "ಇದರಲ್ಲಿ ಇವನ ರೊಬಾಟಿಕ್ಸ್ ಎಲ್ಲಿ?" ಎಂದು ಕೇಳಿದರು. ಅದಕ್ಕೆ ಬೇರೆ ಮನೆ ಇದೆ ಎಂದು ಸಮಾಧಾನ ಮಾಡಬೇಕಾಯಿತು.

ಕನ್ನಡದ ಮಾತು ಬಂದದ್ದರಿಂದ ಒಂದು ಉಪಯೋಗದ ಸುದ್ದಿ. ಹೈಸ್ಕೂಲು ಮುಗಿಸುವಾಗ ಎರಡು ಭಾಷೆಯಲ್ಲಿ ಪ್ರೌಢಿಮೆ ತೋರಿದವರಿಗೆ ಸೀಲ್ ಆಫ್ ಬೈಲಿಟರಸಿ ಎಂಬ ಮುದ್ರೆ ಸಿಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2011ರಲ್ಲಿ ಅದರ ಕಾನೂನು ಬಂತು, ಬೇರೆ ರಾಜ್ಯಗಳು ಹಿಂಬಾಲಿಸಿದವು. ಕನ್ನಡಕ್ಕೂ ಮಾನ್ಯ ಪರೀಕ್ಷೆ ಇದೆ. ಪಕ್ಕದ ಕೋಣೆಯಲ್ಲಿ ಕುಳಿತು ಒತ್ತಕ್ಷರ ಬರೆಯುತ್ತಿರುವ ಮಕ್ಕಳಿಗೆ ಇದು ನಾಲ್ಕು ವರ್ಷದ ನಂತರ ಕೆಲಸಕ್ಕೆ ಬರಬಹುದು. ನಿಮ್ಮ ಶಾಲಾ ಜಿಲ್ಲೆಯಲ್ಲಿ ವಿಚಾರಿಸಿ.

ಯಾವ ವಿಷಯ ಓದಬೇಕು? ಈ ಕೋಣೆಯಲ್ಲಿ ಮತ ಹಾಕಿದರೆ ಕಂಪ್ಯೂಟರ್ ಸೈನ್ಸ್ ಅವಿರೋಧವಾಗಿ ಗೆಲ್ಲುತ್ತದೆ. ಅದೇ ತೊಡಕು. ಕಾಲೇಜಿಗೆ ಸೇರಿದ ಮೇಲೆ ಬದಲಿಸಿಕೊಳ್ಳಬಹುದು ಎನ್ನುವ ಮಾತು ಎಲ್ಲ ಕಡೆಯೂ ನಡೆಯುವುದಿಲ್ಲ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಂಥ ಕಡೆ ಕಂಪ್ಯೂಟರ್ ಸೈನ್ಸ್‌ಗೆ ನೇರವಾಗಿ ಆಯ್ಕೆಯಾಗಬೇಕು. ಬೇರೆ ವಿಷಯಕ್ಕೆ ಸೇರಿ ಹಿಂದಿನ ಬಾಗಿಲಿನಿಂದ ನುಗ್ಗುವುದು ತೀರಾ ಕಷ್ಟ. ಅರ್ಜಿ ಹಾಕುವ ಮೊದಲು ಪ್ರತಿ ಕಾಲೇಜಿನ ಈ ನಿಯಮವನ್ನು ಓದಿ. "ಭಾರತೀಯ ಹೆಸರು ಇದ್ದರೆ ತೊಂದರೆಯೇ?" ಎಂದು ಪಿಸುಗುಟ್ಟಿ ಕೇಳುವವರಿಗೆ: 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದನ್ನು ತಡೆದಿದೆ. ನಿಮ್ಮ ಮಗುವಿನ ಕಡತ ಪಕ್ಕದ ಮನೆಯ ಕಡತದಂತೆಯೇ ಕಾಣುವುದು ಹೆಸರಿಗಿಂತ ದೊಡ್ಡ ತೊಂದರೆ.

ದುಡ್ಡು. ಇದನ್ನು ಕೊನೆಗಿಟ್ಟೆ, ಆದರೆ ಮನೆಯಲ್ಲಿ ಇದು ಮೊದಲು ಬರಬೇಕಾದ ಮಾತು. ನಮ್ಮಲ್ಲಿ ಮಕ್ಕಳ ಮುಂದೆ ದುಡ್ಡಿನ ಮಾತು ಆಡುವುದಿಲ್ಲ. "ನೀನು ಓದು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ" ಎನ್ನುತ್ತೇವೆ. ಏಪ್ರಿಲ್‌ನಲ್ಲಿ ಪ್ರವೇಶಪತ್ರ ಬಂದ ಮೇಲೆ ವರ್ಷಕ್ಕೆ 80 ಸಾವಿರ ಡಾಲರ್ ದಾಟಿದ ಮೊತ್ತ ನೋಡಿ ಮಂಕಾಗುತ್ತೇವೆ. ಹೆಸರಾಂತ ಖಾಸಗಿ ಕಾಲೇಜುಗಳ ಪೂರ್ಣ ವೆಚ್ಚ ಈಗ ಅಲ್ಲಿದೆ. ಯುಸಿಯಲ್ಲಿ ಹೊರರಾಜ್ಯದವರು ರಾಜ್ಯದವರಿಗಿಂತ ವರ್ಷಕ್ಕೆ 30 ಸಾವಿರ ಡಾಲರಿಗೂ ಹೆಚ್ಚು ಕೊಡಬೇಕು. 2011ರಿಂದ ಕಾಲೇಜುಗಳು ತಮ್ಮ ವೆಬ್‌ಸೈಟಿನಲ್ಲಿ ನಿವ್ವಳ ವೆಚ್ಚ ಅಂದಾಜು ಮಾಡುವ ಲೆಕ್ಕಯಂತ್ರವನ್ನು ಇಡಲೇಬೇಕು. ಒಂಬತ್ತನೆಯ ತರಗತಿಯಲ್ಲೇ ಒಂದು ಸಂಜೆ ಕುಳಿತು ನಿಮ್ಮ ಆದಾಯ ಹಾಕಿ ನೋಡಿ.

ಇಲ್ಲಿನ ಕೇಂದ್ರ ಸರ್ಕಾರದ ನೆರವಿಗೆ ಫಾಫ್ಸಾ ಎಂಬ ಅರ್ಜಿ. ಸಾಮಾನ್ಯವಾಗಿ ಹನ್ನೆರಡನೆಯ ತರಗತಿಯ ಅಕ್ಟೋಬರ್ 1ಕ್ಕೆ ತೆರೆಯುತ್ತದೆ. ಅದು ನೋಡುವ ಆದಾಯ ಮಾತ್ರ ಹಿಂದಿನದು: 2027ರಲ್ಲಿ ಕಾಲೇಜು ಸೇರುವ ಮಗುವಿಗೆ 2025ರ ತೆರಿಗೆ ವರ್ಷ. ಅಂದರೆ ಹತ್ತನೆಯ ತರಗತಿಯ ಜನವರಿಯಲ್ಲೇ ಲೆಕ್ಕ ಶುರುವಾಗಿಬಿಟ್ಟಿರುತ್ತದೆ. ಆ ವರ್ಷ ಷೇರು ಮಾರಿ ಲಾಭ ತೋರಿಸಿದರೆ ಅದೂ ಸೇರುತ್ತದೆ. ಮನೆಯಲ್ಲಿ ಇಬ್ಬರು ಒಟ್ಟಿಗೆ ಕಾಲೇಜಿನಲ್ಲಿದ್ದರೆ ಹಿಂದೆ ಸಿಗುತ್ತಿದ್ದ ರಿಯಾಯಿತಿ 2024–25ರಿಂದ ಈ ಲೆಕ್ಕದಲ್ಲಿ ಇಲ್ಲ. ಐವಿ ಲೀಗ್ ಕಾಲೇಜುಗಳು, ಅಂದರೆ ಹಾರ್ವರ್ಡ್, ಬ್ರೌನ್ ಮುಂತಾದ ಎಂಟು ಹೆಸರಾಂತ ಖಾಸಗಿ ಕಾಲೇಜುಗಳು, ಪ್ರತಿಭೆಗೆಂದು ವಿದ್ಯಾರ್ಥಿವೇತನ ಕೊಡುವುದಿಲ್ಲ, ಅಗತ್ಯ ನೋಡಿ ಕೊಡುತ್ತವೆ. ನಮ್ಮಲ್ಲಿ ಇಬ್ಬರೂ ಸಾಫ್ಟ್‌ವೇರಿನಲ್ಲಿರುವ ಮನೆಗಳಿಗೆ ಅಗತ್ಯ ಕಾಣಿಸುವುದಿಲ್ಲ. ಅಂಥವರಿಗೆ ರಾಜ್ಯದ ವಿಶ್ವವಿದ್ಯಾಲಯ, ಇಲ್ಲವೇ ಪ್ರತಿಭಾ ವೇತನ ಕೊಡುವ, ಅಷ್ಟು ಹೆಸರಿಲ್ಲದ ಕಾಲೇಜು. ಜಾರ್ಜಿಯಾದಲ್ಲಿರುವವರಿಗೆ 1993ರಿಂದ ನಡೆದುಬಂದ ಹೋಪ್ ವಿದ್ಯಾರ್ಥಿವೇತನದಂಥದ್ದೂ ಇದೆ.

ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿರುವ ಮನೆಗಳ ವಿಷಯ. ಇಲ್ಲಿ ಹುಟ್ಟಿದ ಮಗು ನಾಗರಿಕ. ನಿಮ್ಮ ವೀಸಾ ಯಾವುದಾದರೂ ಮಗು ಫಾಫ್ಸಾ ತುಂಬಬಹುದು. ಎಚ್-4ರಲ್ಲಿರುವ, ಅಂದರೆ ಅವಲಂಬಿತರ ವೀಸಾದಲ್ಲಿರುವ, ಮಗುವಿಗೆ ಕೇಂದ್ರ ಸರ್ಕಾರದ ನೆರವಿಲ್ಲ. ರಾಜ್ಯದವರ ಶುಲ್ಕ ಸಿಗುವುದೋ ಇಲ್ಲವೋ ಎಂಬುದನ್ನು ನಿಮ್ಮ ರಾಜ್ಯದ ನಿಯಮ ಹೇಳಬೇಕು. 21 ತುಂಬಿದಾಗ ಎಚ್-4 ಮುಗಿಯುತ್ತದೆ, ಅಂದರೆ ಹೆಚ್ಚಿನ ಮಕ್ಕಳಿಗೆ ಕಾಲೇಜಿನ ನಡುವೆಯೇ. ಒಂದೇ ಮನೆಯಲ್ಲಿ ಅಕ್ಕ ಎಚ್-4, ತಮ್ಮ ನಾಗರಿಕ. ಅಕ್ಕನಿಗೆ ಬಾರದ ನೆರವಿಗೆ ತಮ್ಮ ಅರ್ಹ. ಇದನ್ನು ಅಕ್ಕನಿಗೆ ಹನ್ನೆರಡನೆಯ ತರಗತಿಯವರೆಗೆ ಹೇಳದೆ ಮುಚ್ಚಿಟ್ಟ ಮನೆಯನ್ನು ನಾನು ಬಲ್ಲೆ. ಆ ಹುಡುಗಿಗೆ ಸಿಟ್ಟು ಬಂದದ್ದು ನಿಯಮದ ಮೇಲಲ್ಲ.

ಅರ್ಜಿ ಹಾಕುವ ಕಾಲದಲ್ಲಿ "ಅರ್ಲಿ ಡಿಸಿಷನ್" ಎಂಬ ಒಂದು ದಾರಿ ಇದೆ: ನವೆಂಬರಿನಲ್ಲಿ ಒಂದೇ ಕಾಲೇಜಿಗೆ, ಸಿಕ್ಕರೆ ಸೇರಿಯೇ ಸೇರುತ್ತೇನೆ ಎಂದು ಮಗು, ಪೋಷಕರು, ಕೌನ್ಸೆಲರ್ ಮೂವರೂ ಸಹಿ ಹಾಕುವುದು. ಅವಕಾಶ ಹೆಚ್ಚಬಹುದು, ಆದರೆ ಬೇರೆ ಕಾಲೇಜುಗಳ ನೆರವನ್ನು ಹೋಲಿಸಿ ನೋಡುವ ಅವಕಾಶ ಹೋಯಿತು. ವೆಚ್ಚದ ಲೆಕ್ಕ ಮಾಡದೆ ಸಹಿ ಹಾಕಬೇಡಿ. ಪಟ್ಟಿ ಮಾಡುವಾಗ ಕೆಳಗಿನಿಂದ ಶುರು ಮಾಡಿ: ಖಂಡಿತ ಸಿಗುವ, ಖಂಡಿತ ಭರಿಸಬಲ್ಲ, ಮಗು ನಗುತ್ತ ಹೋಗಬಲ್ಲ ಎರಡು ಕಾಲೇಜು ಮೊದಲು. ಮೇಲಿನವನ್ನು ಹುಡುಕಲು ಯಾರಿಗೂ ನನ್ನ ಸಹಾಯ ಬೇಕಿಲ್ಲ. 2024ರಲ್ಲಿ ಹಾರ್ವರ್ಡ್‌ಗೆ 54 ಸಾವಿರ ಅರ್ಜಿ ಬಂದು ಎರಡು ಸಾವಿರಕ್ಕೂ ಕಡಿಮೆ ಮಕ್ಕಳು ಆಯ್ಕೆಯಾದರು. ಅದೇ ದೇಶದಲ್ಲಿ ಹೆಚ್ಚಿನ ಕಾಲೇಜುಗಳು ಅರ್ಜಿ ಹಾಕಿದ ಅರ್ಧಕ್ಕಿಂತ ಹೆಚ್ಚು ಜನರನ್ನು ಸೇರಿಸಿಕೊಳ್ಳುತ್ತವೆ. ಎರಡನೆಯ ಸಾಲು ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುವುದಿಲ್ಲ.

ಕಮ್ಯುನಿಟಿ ಕಾಲೇಜ್, ಅಂದರೆ ಊರಿನ ಎರಡು ವರ್ಷದ ಸರ್ಕಾರಿ ಕಾಲೇಜು, ಎಂದರೆ ಮುಖ ಸಿಂಡರಿಸುವವರು ಕ್ಯಾಲಿಫೋರ್ನಿಯಾದ ಈ ನಿಯಮ ಕೇಳಿ: ಅಂಥ ಕಾಲೇಜಿನಲ್ಲಿ ಎರಡು ವರ್ಷ ಓದಿ ನಿಗದಿತ ವಿಷಯ, ದರ್ಜೆ ಪೂರೈಸಿದವರಿಗೆ ಡೇವಿಸ್, ಅರ್ವೈನ್, ಸಾಂಟಾ ಬಾರ್ಬರಾ ಸೇರಿದಂತೆ ಆರು ಯುಸಿ ಕ್ಯಾಂಪಸ್‌ಗಳು ವರ್ಗಾವಣೆಯ ಭರವಸೆ ಬರೆದುಕೊಡುತ್ತವೆ, ಕೆಲವು ವಿಷಯಗಳನ್ನು ಬಿಟ್ಟು. ಪದವಿ ಪತ್ರದ ಮೇಲೆ ಯುಸಿಯ ಹೆಸರೇ ಇರುತ್ತದೆ. ನನ್ನ ಎರಡನೆಯ ಮಗ ಈ ದಾರಿಯಲ್ಲೇ ಹೋದ. ಬಂಧುಗಳು ಕೇಳಿದಾಗ ಮೊದಲ ವರ್ಷ ನಾನು ಮಾತು ತಿರುಗಿಸುತ್ತಿದ್ದೆ, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಆ ಫೋನ್ ಮಾಡಿದ ತಂದೆಗೆ ಕಟ್ ಆಫ್ ಇಲ್ಲ ಎಂದು ಹೇಳಿ, ನಿಮ್ಮ ಮಗಳು ಮುಂದಿನ ವರ್ಷಕ್ಕೆ ಯಾವ ವಿಷಯಗಳನ್ನು ಆರಿಸಿದ್ದಾಳೆ ಎಂದು ಕೇಳಿದೆ. "ಒಂದು ನಿಮಿಷ ಮೇಡಂ" ಎಂದು ಫೋನಿಗೆ ಕೈ ಅಡ್ಡ ಹಿಡಿದು ಒಳಗೆ ಕೇಳಿದರು. ಅವಳು ಎರಡು ವಾರದ ಹಿಂದೆಯೇ ಫಾರ್ಮು ಕೊಟ್ಟುಬಿಟ್ಟಿದ್ದಳು, ಅಪ್ಪನ ಸಹಿಯನ್ನು ಅಮ್ಮನಿಂದ ಹಾಕಿಸಿ. ನಿಮ್ಮ ಶಾಲೆಗಳಲ್ಲೂ ಆ ಫಾರ್ಮು ಜನವರಿ–ಫೆಬ್ರವರಿಯಲ್ಲಿ ಮನೆಗೆ ಬರುತ್ತದೆ, ನೋಡಿಕೊಳ್ಳಿ.

ಪಕ್ಕದ ಕೋಣೆಯಲ್ಲಿ ತರಗತಿ ಬಿಟ್ಟ ಹಾಗಿದೆ, ಮಕ್ಕಳ ಗಲಾಟೆ ಕೇಳಿಸುತ್ತಿದೆ. ಪ್ರಶ್ನೆಗಳಿದ್ದರೆ ಹೊರಗೆ ಕಾಫಿ ಕುಡಿಯುತ್ತ ಕೇಳಿ. ವೀಸಾದ ಪ್ರಶ್ನೆಗಳನ್ನು ಮಾತ್ರ ವಲಸೆ ವಕೀಲರ ಬಳಿ ಒಯ್ಯಿರಿ, ನಾನು ರಸಾಯನಶಾಸ್ತ್ರದವಳು.